ಸಂಶೋಧನೆ ಹೇಳುತ್ತದಂತೆ

ಪೋಷಕರ ಸಭೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಮಗು ಓದಿನಲ್ಲಿ ಹಿಂದುಳಿದಿದೆ ಎಂದು ತಾಯಿಯನ್ನು ಕರೆಸಿ ಶಿಕ್ಷಕರು ಸಲಹೆ ಕೊಡುತ್ತಾರೆ: "ಮನೆಯಲ್ಲಿ ನಿಮ್ಮ ಭಾಷೆ ಆಡುವುದನ್ನು ಬಿಡಿ. ಕನ್ನಡವೋ ಇಂಗ್ಲಿಷೋ, ಒಂದನ್ನೇ ಆಡಿ. ಎರಡು ಮೂರು ಭಾಷೆ ಸೇರಿದರೆ ಮಗುವಿನ ತಲೆ ಗೊಂದಲವಾಗುತ್ತದೆ. ಸಂಶೋಧನೆಯೇ ಹಾಗೆ ಹೇಳುತ್ತದೆ." ತಾಯಿ ತಲೆಯಾಡಿಸಿ ಹೊರಬರುತ್ತಾರೆ. ಸಂಶೋಧನೆ ಎಂದ ಮೇಲೆ ಎದುರಾಡುವುದು ಹೇಗೆ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳನ್ನು ಬಲ್ಲವರಿಗೆ ಆ ತಾಯಿಯ ಭಾಷೆ ಯಾವುದೆಂದು ತಟ್ಟನೆ ಹೇಳಲಾಗದು. ಆಂಧ್ರದ ಗಡಿಗೆ ಒತ್ತಿಕೊಂಡಿರುವ ಶ್ರೀನಿವಾಸಪುರ, ಮುಳಬಾಗಿಲಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಮಾಲೂರಿನಿಂದ ಸ್ವಲ್ಪ ದೂರ ಹೋದರೆ ಹೊಸೂರು. ಆ ಕಡೆ ತಮಿಳು ಕಿವಿಗೆ ಬೀಳುತ್ತದೆ. ಪಟ್ಟಣಗಳ ಮುಸ್ಲಿಮ್ ಮೊಹಲ್ಲಾಗಳಲ್ಲಿ ದಖ್ಖನಿ. ಇಲ್ಲಿನ ಮಗು ಬೆಳಿಗ್ಗೆ ಮದ್ರಸದಲ್ಲಿ ಅರಬಿ ಅಕ್ಷರ ಕೂಡಿಸಿ ಓದಿ, ಅಮ್ಮಿಯೊಡನೆ ದಖ್ಖನಿಯಲ್ಲಿ ಹಟ ಮಾಡಿ, ಬೀದಿಯಲ್ಲಿ ಗೆಳೆಯರೊಡನೆ ತೆಲುಗಿನಲ್ಲಿ ಗೋಲಿ ಲೆಕ್ಕ ಹಾಕಿ, ಶಾಲೆಯಲ್ಲಿ ಕನ್ನಡದ ಪಾಠ ಒಪ್ಪಿಸುತ್ತದೆ. ಕೋಲಾರದ ಟೊಮೆಟೊ ಮಂಡಿಯಲ್ಲಾಗಲಿ, ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಾಗಲಿ ಒಂದೇ ಭಾಷೆಯಿಂದ ವ್ಯಾಪಾರ ಸಾಗುವುದಿಲ್ಲ. ದೊಡ್ಡವರು ಅದನ್ನು ಜಾಣತನ ಎನ್ನುತ್ತಾರೆ. ಅದೇ ಜಾಣತನ ಆರು ವರ್ಷದ ಮಗುವಿನ ತಲೆಗೆ ಭಾರವಾಗುವುದು ಹೇಗೆ ಎಂಬ ಅನುಮಾನ ಯಾರಿಗೂ ಬರಬೇಕು.

ಸಲಹೆಯನ್ನು ಅಕ್ಷರಶಃ ಪಾಲಿಸಲು ಹೊರಟ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ನೋಡಿ. ತಾಯಿಗೆ ಕನ್ನಡ ಬರುವುದು ಅಂಗಡಿ, ಆಸ್ಪತ್ರೆ, ತಾಲೂಕು ಕಚೇರಿಯ ಮಟ್ಟಿಗೆ. ಗದರಿಸಲು, ಮುದ್ದಿಸಲು, ಜ್ವರ ಬಂದ ಮಗುವಿನ ಪಕ್ಕ ರಾತ್ರಿ ಕೂತು ಕತೆ ಹೇಳಲು ಆಕೆಗಿರುವುದು ದಖ್ಖನಿ ಅಥವಾ ತೆಲುಗು. ಅದನ್ನು ಬಿಟ್ಟು ಅರೆಬರೆ ಭಾಷೆ ಹಿಡಿದರೆ ಆಕೆಯ ಮಾತೇ ಕಡಿಮೆಯಾಗುತ್ತದೆ. ಮನೆಯ ಮೂಲೆಯಲ್ಲಿ ಕೂತ ನಾನಿಯ ಬಾಯಿಗಂತೂ ಬೀಗ. ಮೊಮ್ಮಗುವಿಗೆ ಆಕೆ ಹೇಳುವುದೆಲ್ಲ ಈಗ ‘ಗೊಂದಲ’. ಒಂದೇ ವಾಕ್ಯದ ಸಲಹೆ ಮೂರು ತಲೆಮಾರಿನ ನಡುವಣ ಮಾತುಕತೆಯನ್ನು ನಿಲ್ಲಿಸಬಲ್ಲದು. ಇಷ್ಟು ದೊಡ್ಡ ತ್ಯಾಗವನ್ನು ಬೇಡುವವರನ್ನು "ಯಾವ ಸಂಶೋಧನೆ? ಯಾರು ಮಾಡಿದ್ದು? ಯಾವ ಮಕ್ಕಳ ಮೇಲೆ?" ಎಂದು ಕೇಳಿದರೆ ಅದು ಉದ್ಧಟತನವೇ ಅಥವಾ ಹಕ್ಕೇ? ಹಕ್ಕು ಎಂದು ನಾವು ಭಾವಿಸುತ್ತೇವೆ. ಹಾಗಾದರೆ ಅದನ್ನು ಪೂರೈಸುವ ಕರ್ತವ್ಯ ಯಾರದ್ದು, ಮತ್ತು ಕೇಳಿದವರು ಆ ಸಂಶೋಧನೆಯನ್ನು ಹುಡುಕಿ ನೋಡುವುದು ಎಲ್ಲಿ? ಈ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ.

ಶಿಕ್ಷಕರನ್ನು ದೂರುವುದು ಸುಲಭ. ಅವರೂ ಎಲ್ಲೋ ತರಬೇತಿಯಲ್ಲಿ ಕೇಳಿರುತ್ತಾರೆ, ಪತ್ರಿಕೆಯಲ್ಲಿ ಓದಿರುತ್ತಾರೆ, ವಾಟ್ಸಾಪಿನಲ್ಲಿ ನೋಡಿರುತ್ತಾರೆ. ನಮ್ಮ ಕನ್ನಡದಲ್ಲಿ ‘ಅಂತೆ’ ಎಂಬ ಪ್ರಾಮಾಣಿಕವಾದ ಪ್ರತ್ಯಯವೊಂದಿದೆ. "ಮಳೆ ಬಂತು" ಎಂದರೆ ನಾನು ಕಂಡದ್ದು, "ಮಳೆ ಬಂತಂತೆ" ಎಂದರೆ ಯಾರೋ ಹೇಳಿದ್ದು. ಎರಡೇ ಅಕ್ಷರದಲ್ಲಿ ಮಾತನಾಡುವವನು ತನ್ನ ಜವಾಬ್ದಾರಿಯ ಗಡಿಯನ್ನು ತೋರಿಸಿಬಿಡುತ್ತಾನೆ. "ಸಂಶೋಧನೆ ಹೇಳುತ್ತದಂತೆ" ಎಂದಿದ್ದರೆ ತಾಯಿಗೆ ಅನುಮಾನಿಸಲು ಒಂದಿಷ್ಟು ಜಾಗ ಉಳಿಯುತ್ತಿತ್ತು. ‘ಅಂತೆ’ಯನ್ನು ಕಳಚಿ "ಹೇಳುತ್ತದೆ" ಎಂದ ಕೂಡಲೇ ಕೇಳಿದ ಮಾತು ಕಂಡ ಮಾತಿನ ವೇಷ ತೊಡುತ್ತದೆ. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇಲ್ಲದೆಯೇ ಸುಳ್ಳಿನ ಕೆಲಸ ನಡೆದುಹೋಗುವುದು ಇಲ್ಲಿ.

ಹಾಗಾದರೆ ಕಾಣುವುದು ಎಲ್ಲಿ? ಮನಃಶಾಸ್ತ್ರದ ವಿದ್ವತ್ ಲೇಖನಗಳು ಪ್ರಕಟವಾಗುವುದು ನಿಯತಕಾಲಿಕೆಗಳಲ್ಲಿ. ಲೇಖಕರು ಕಳುಹಿಸಿದ್ದನ್ನು ಅದೇ ಕ್ಷೇತ್ರದ ಬೇರೆ ವಿದ್ವಾಂಸರು ಓದಿ, ಆಕ್ಷೇಪಿಸಿ, ತಿದ್ದಿಸಿದ ಮೇಲೆ ಅಚ್ಚಾಗುತ್ತದೆ. ಎಷ್ಟು ಮಕ್ಕಳು, ಯಾವ ವಯಸ್ಸು, ಯಾವ ಪರೀಕ್ಷೆ, ಯಾವ ಲೆಕ್ಕ ಎಂಬುದೆಲ್ಲ ಅದರಲ್ಲಿ ಇರಲೇಬೇಕು. ಇಂಥ ಲೇಖನಗಳು ಲಕ್ಷಗಟ್ಟಲೆ ಇರುವುದರಿಂದ ಅವುಗಳ ಸೂಚಿಯೇ ಒಂದು ದೊಡ್ಡ ವಿದ್ಯೆಯಾಗಿ ಬೆಳೆದಿದೆ. ಅಮೆರಿಕದ ಮನಃಶಾಸ್ತ್ರಜ್ಞರ ಸಂಘ 1927ರಿಂದ ಲೇಖನಗಳ ಸಾರಾಂಶಗಳನ್ನು ಸಂಪುಟಗಳಾಗಿ ಅಚ್ಚು ಹಾಕುತ್ತಿತ್ತು. 2006ಕ್ಕೆ ಅಚ್ಚು ನಿಂತಿತು. ಅದರ ಗಣಕೀಕೃತ ರೂಪವೇ ಇಂದು ವಿಶ್ವವಿದ್ಯಾಲಯಗಳು ಚಂದಾ ಕಟ್ಟಿ ಬಳಸುವ ‘ಸೈಕ್‌ಇನ್ಫೋ’. ಚಂದಾ ಬೇಡದ ಬಾಗಿಲುಗಳೂ ಇವೆ. ವೈದ್ಯಕೀಯಕ್ಕೆ ಹತ್ತಿರದ ವಿಷಯಗಳಿಗೆ ‘ಪಬ್‌ಮೆಡ್’, ಶಿಕ್ಷಣಕ್ಕೆ 1960ರ ದಶಕದಲ್ಲಿ ಆರಂಭವಾದ ‘ಎರಿಕ್’, ಎಲ್ಲಕ್ಕೂ ಸೇರಿ 2004ರಲ್ಲಿ ಬಂದ ‘ಗೂಗಲ್ ಸ್ಕಾಲರ್’, ಭಾರತದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿಗೆ ‘ಶೋಧಗಂಗಾ’. ಮುಳಬಾಗಿಲಿನ ಬಸ್ ನಿಲ್ದಾಣದಲ್ಲಿ ನಿಂತು ಮೊಬೈಲಿನಲ್ಲೇ ಇವನ್ನು ತೆರೆಯಬಹುದು. ತೆರೆಯುವುದು ಸುಲಭ. ಕಷ್ಟ ಶುರುವಾಗುವುದು ಕೇಳುವಲ್ಲಿ.

ಏಕೆಂದರೆ ಈ ಸೂಚಿಗಳಿಗೆ ನಮ್ಮ ಪ್ರಶ್ನೆ ಅರ್ಥವಾಗುವುದಿಲ್ಲ, ಪದಗಳಷ್ಟೇ ಸಿಗುತ್ತವೆ. "ಮನೆಯಲ್ಲಿ ದಖ್ಖನಿ ಆಡಿದರೆ ಮಗು ದಡ್ಡನಾಗುತ್ತದೆಯೇ?" ಎಂಬುದನ್ನು ಅವುಗಳ ಮಾತಿಗೆ ಇಳಿಸಬೇಕು. ‘ಬೈಲಿಂಗ್ವಲಿಸಂ’, ‘ಹೋಂ ಲ್ಯಾಂಗ್ವೇಜ್’, ‘ಮದರ್ ಟಂಗ್’ ಇವುಗಳ ನಡುವೆ ‘ಆರ್’ ಎಂಬ ಇಂಗ್ಲಿಷ್ ಪದ ಸೇರಿಸಿದರೆ ಯಾವುದಾದರೊಂದು ಇರುವ ಲೇಖನಗಳು ಬರುತ್ತವೆ. ಆಮೇಲೆ ‘ಆಂಡ್’ ಸೇರಿಸಿ ಮಕ್ಕಳು, ಶಾಲಾ ಕಲಿಕೆ ಎಂಬ ಪದಗಳನ್ನು ಕೊಟ್ಟರೆ ಎರಡೂ ಇರುವವು ಮಾತ್ರ ಉಳಿಯುತ್ತವೆ. ಸೈಕ್‌ಇನ್ಫೋದಲ್ಲಿ ಇದಕ್ಕಾಗಿಯೇ ಒಂದು ಪದಕೋಶವಿದೆ: ಲೇಖಕರು ಯಾವ ಪದ ಬಳಸಿದ್ದರೂ ಒಂದೇ ವಿಷಯದ ಲೇಖನಗಳನ್ನು ಒಂದೇ ಹೆಸರಿನಡಿ ತರುವ ವ್ಯವಸ್ಥೆ. ಇನ್ನು ‘ದಖ್ಖನಿ’ ಎಂಬ ಹೆಸರೋ! ಇಂಗ್ಲಿಷಿನಲ್ಲಿ ಅದನ್ನು ಮೂರು ನಾಲ್ಕು ಬಗೆಯ ಕಾಗುಣಿತದಲ್ಲಿ ಬರೆಯುತ್ತಾರೆ. ಬಹಳ ಜನ ಬರಿದೇ ಉರ್ದು ಎಂದುಬಿಡುತ್ತಾರೆ. ಹೆಸರು ನಿಲ್ಲದ ಭಾಷೆ ಸೂಚಿಯಲ್ಲೂ ನಿಲ್ಲುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಕಣ್ಣಿಗೆ ಬೀಳುವುದು ಒಂದು ಉತ್ತರವಲ್ಲ, ಒಂದು ಶತಮಾನದ ಜಗಳ. ಶಿಕ್ಷಕರ ಮಾತು ಆಕಾಶದಿಂದ ಬಿದ್ದದ್ದಲ್ಲ. 1923ರಲ್ಲಿ ಡಿ.ಜೆ. ಸೇರ್ ಎಂಬವರು ವೇಲ್ಸ್ ಪ್ರಾಂತದ 7ರಿಂದ 14 ವರ್ಷದ ಸುಮಾರು 1,400 ಮಕ್ಕಳನ್ನು ಪರೀಕ್ಷಿಸಿ, ಗ್ರಾಮೀಣ ಪ್ರದೇಶಗಳಲ್ಲಿ ವೆಲ್ಷ್ ಮತ್ತು ಇಂಗ್ಲಿಷ್ ಎರಡನ್ನೂ ಆಡುವ ಮಕ್ಕಳು ಬುದ್ಧಿ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದಾರೆ ಎಂದು ಬರೆದರು. ಅಲ್ಲಿಂದ ಮುಂದೆ ದಶಕಗಳ ಕಾಲ ಎರಡು ಭಾಷೆ ಎಂದರೆ ಮನಸ್ಸಿನ ಗೊಂದಲ ಎಂಬ ಮಾತು ಪಠ್ಯಪುಸ್ತಕಗಳಲ್ಲಿ ಸುತ್ತಾಡಿತು. ಆದರೆ ಅದೇ ಲೇಖನವನ್ನು ಪೂರ್ತಿ ಓದಿದವರಿಗೆ ಇನ್ನೊಂದು ಸಂಗತಿ ಕಾಣುತ್ತದೆ: ಪಟ್ಟಣದ ಮಕ್ಕಳಲ್ಲಿ ಆ ಅಂತರ ಇರಲಿಲ್ಲ. ಹಾಗಾದರೆ ಹಿಂದೆ ಎಳೆದದ್ದು ಎರಡನೆಯ ಭಾಷೆಯೋ, ಹಳ್ಳಿಯ ಬಡತನವೋ, ಮಗುವಿಗೆ ಸರಿಯಾಗಿ ಬಾರದ ಭಾಷೆಯಲ್ಲಿ ಕೊಟ್ಟ ಪರೀಕ್ಷೆಯೋ? ಮುಂದಿನ ಟೀಕಾಕಾರರು ಕೇಳಿದ್ದು ಇದನ್ನೇ. ಈ ಕೊನೆಯ ಪ್ರಶ್ನೆ ನಮಗೆ ದೂರದ್ದಲ್ಲ. ಭಾರತದ ಮಕ್ಕಳ ಬುದ್ಧಿಶಕ್ತಿ ಅಳೆಯಲು ಇಂದಿಗೂ ಬಳಕೆಯಲ್ಲಿರುವ ಬಿನೆ-ಕಾಮತ್ ಪರೀಕ್ಷೆಯನ್ನು ಧಾರವಾಡದಲ್ಲಿ ವಿ.ವಿ. ಕಾಮತರು ಸಿದ್ಧಪಡಿಸಿದ್ದು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ. ಅದು ದೊಡ್ಡ ಕೆಲಸವೇ ಸರಿ. ಆದರೆ ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ತೆಲುಗು ಆಡುವ ಮುಳಬಾಗಿಲಿನ ಮಗುವನ್ನು ಕನ್ನಡದಲ್ಲಿ ಕೂರಿಸಿ ಅಳೆದರೆ ಅಳತೆಗೆ ಸಿಗುವುದು ಬುದ್ಧಿ ಎಷ್ಟು, ಕನ್ನಡ ಎಷ್ಟು?

1962ರಲ್ಲಿ ಗಾಳಿ ತಿರುಗಿತು. ಕೆನಡಾದ ಮಾಂಟ್ರಿಯಲ್‌ನಲ್ಲಿ ಎಲಿಜಬೆತ್ ಪೀಲ್ ಮತ್ತು ವಾಲೆಸ್ ಲ್ಯಾಂಬರ್ಟ್ 10 ವರ್ಷದ ಮಕ್ಕಳನ್ನು, ಮನೆಯ ಸ್ಥಿತಿಗತಿಗಳನ್ನು ಸರಿದೂಗಿಸಿ ಹೋಲಿಸಿದಾಗ, ಫ್ರೆಂಚ್ ಮತ್ತು ಇಂಗ್ಲಿಷ್ ಎರಡನ್ನೂ ಚೆನ್ನಾಗಿ ಬಲ್ಲ ಮಕ್ಕಳೇ ಮುಂದಿದ್ದರು. ನಮ್ಮ ದೇಶದಲ್ಲಿ ಅಜಿತ್ ಮೊಹಾಂತಿಯವರು ಒಡಿಶಾದ ಕೊಂಡ ಸಮುದಾಯದಲ್ಲಿ ಕೆಲಸ ಮಾಡಿದರು. ಅಲ್ಲಿ ಕೆಲವು ಕಡೆ ಜನ ಕುಯಿ ಮತ್ತು ಒಡಿಯಾ ಎರಡನ್ನೂ ಆಡುತ್ತಾರೆ, ಕೆಲವು ಕಡೆ ಕುಯಿ ಬಿಟ್ಟುಹೋಗಿ ಒಡಿಯಾ ಮಾತ್ರ ಉಳಿದಿದೆ. ಒಂದೇ ಸಮುದಾಯ, ಒಂದೇ ಬಡತನ, ವ್ಯತ್ಯಾಸ ಭಾಷೆಯದ್ದು ಮಾತ್ರ. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದು ಕಷ್ಟ. ಎರಡು ಭಾಷೆಯ ಮಕ್ಕಳು ಹಿಂದೆ ಬೀಳಲಿಲ್ಲ, ಮುಂದಿದ್ದರು. ಇದೆಲ್ಲವನ್ನೂ ಒಳಗೊಂಡ ಅವರ ಪುಸ್ತಕ 1994ರಲ್ಲಿ ಪ್ರಕಟವಾದದ್ದು ನಮ್ಮ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಿಂದ. ಪಕ್ಕದೂರಿನಲ್ಲಿ ಅಚ್ಚಾದ ಪುಸ್ತಕದ ಸುದ್ದಿ ಕೋಲಾರದ ತರಗತಿಗೆ ತಲುಪದೆ, ನೂರು ವರ್ಷ ಹಿಂದಿನ ವೇಲ್ಸ್‌ನ ಸುದ್ದಿ ತಲುಪಿರುವುದು ವಿಚಿತ್ರವಾದರೂ ನಿಜ.

ಇನ್ನೂ ಹತ್ತಿರದ ಸಾಕ್ಷ್ಯವೊಂದಿದೆ. 2013ರಲ್ಲಿ ಸುವರ್ಣಾ ಅಲ್ಲಾಡಿ ಮತ್ತವರ ಸಂಗಡಿಗರು ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಮರೆವಿನ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದ 648 ಮಂದಿಯ ದಾಖಲೆಗಳನ್ನು ಪರಿಶೀಲಿಸಿದರು. ಒಂದೇ ಭಾಷೆಯವರಿಗಿಂತ ಎರಡು ಅಥವಾ ಹೆಚ್ಚು ಭಾಷೆಯವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮೆಟ್ಟಿಲನ್ನೇ ಹತ್ತದವರಲ್ಲೂ ಈ ಅಂತರವಿತ್ತು. ತೆಲುಗು, ದಖ್ಖನಿ, ಹಿಂದಿ ಬೆರೆತ ಆ ಊರು ನಮ್ಮ ಮುಳಬಾಗಿಲಿಗೆ ವೇಲ್ಸ್‌ಗಿಂತ ಎಷ್ಟೋ ಹತ್ತಿರ. ಈ ಲೇಖನದ ಸಾರಾಂಶ ಪಬ್‌ಮೆಡ್‌ನಲ್ಲಿ ಯಾರಿಗೂ ಉಚಿತ.

ಇಲ್ಲಿಗೆ ನಿಲ್ಲಿಸಿದರೆ ನಮಗೆ ಬಹಳ ಖುಷಿ. ಮಾಸ್ತಿಯವರನ್ನೂ ಕರೆತರಬಹುದು: ಮಾಲೂರು ತಾಲೂಕಿನಲ್ಲಿ ಹುಟ್ಟಿದವರು, ಮನೆಯಲ್ಲಿ ತಮಿಳು, ಬರೆದದ್ದು ಕನ್ನಡ, 1983ರ ಜ್ಞಾನಪೀಠ. ದೇವನಹಳ್ಳಿಯ ನಿಸಾರ್ ಅಹಮದರನ್ನೂ ಸೇರಿಸಿ ಗೆದ್ದೆವೆಂದು ಎದೆಯುಬ್ಬಿಸಬಹುದು. ಆದರೆ ನೈತಿಕ ಪ್ರಶ್ನೆ ನಿಜವಾಗಿ ಮೊದಲಾಗುವುದೇ ಇಲ್ಲಿ. ಒಬ್ಬ ಮಾಸ್ತಿ, ಒಬ್ಬ ನಿಸಾರ್ ಪುರಾವೆಯಲ್ಲ, ಉದಾಹರಣೆ. ಅಲ್ಲಾಡಿಯವರ ಅಧ್ಯಯನ ಆಸ್ಪತ್ರೆಗೆ ಬಂದ ಹಿರಿಯರದ್ದು. ಮೂರನೇ ತರಗತಿಯ ಮಗುವಿನ ಓದಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಪೀಲ್ ಮತ್ತು ಲ್ಯಾಂಬರ್ಟ್ ಆರಿಸಿಕೊಂಡದ್ದು ಎರಡು ಭಾಷೆಗಳಲ್ಲೂ ಸಮ ಹಿಡಿತವಿದ್ದವರನ್ನು. ಮೊದಲೇ ಚುರುಕಾದ ಮಕ್ಕಳು ಅಂಥ ಹಿಡಿತ ಸಾಧಿಸಿರಬಹುದು ಎಂಬ ಆಕ್ಷೇಪ ಇಂದಿಗೂ ಇದೆ. ಇದಕ್ಕಿಂತ ತೀಕ್ಷ್ಣವಾದದ್ದು 2015ರಲ್ಲಿ ಬಂತು. ಏಂಜೆಲಾ ಡಿ ಬ್ರೂಯಿನ್ ಮತ್ತು ಎಡಿನ್‌ಬರೋದ ಸಂಗಡಿಗರು ವಿದ್ವತ್ ಸಮ್ಮೇಳನಗಳಲ್ಲಿ ಮಂಡನೆಯಾದ ಸಾರಾಂಶಗಳ ಬೆನ್ನು ಹತ್ತಿ, ಅವುಗಳಲ್ಲಿ ಯಾವುವು ಕೊನೆಗೆ ಲೇಖನಗಳಾದವು ಎಂದು ನೋಡಿದರು. ಎರಡು ಭಾಷೆಯಿಂದ ಲಾಭವಿದೆ ಎಂದವು ಹೆಚ್ಚಾಗಿ ಅಚ್ಚಾಗಿದ್ದವು. ವ್ಯತ್ಯಾಸ ಕಾಣಲಿಲ್ಲ ಎಂದವುಗಳಲ್ಲಿ ಬಹುಪಾಲು ಮೇಜಿನ ಖಾನೆಯಲ್ಲೇ ಉಳಿದಿದ್ದವು. ಅಂದರೆ ಸೂಚಿಯಲ್ಲಿ ನಮಗೆ ಕಾಣುವುದು ನಡೆದ ಸಂಶೋಧನೆಯೆಲ್ಲವೂ ಅಲ್ಲ, ಬೆಳಕಿಗೆ ಬಂದ ಭಾಗ ಮಾತ್ರ. ಅದೇ ವರ್ಷ ಮನಃಶಾಸ್ತ್ರದ 100 ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದ ದೊಡ್ಡ ತಂಡವೊಂದಕ್ಕೆ ಮೊದಲಿನಂಥ ಫಲಿತಾಂಶ ಸ್ಪಷ್ಟವಾಗಿ ಸಿಕ್ಕಿದ್ದು ಮೂರನೇ ಒಂದರಷ್ಟಕ್ಕೆ ಸ್ವಲ್ಪ ಹೆಚ್ಚಿನವುಗಳಲ್ಲಿ ಮಾತ್ರ.

ನಾವು ಟೈಪ್ ಮಾಡುವ ಪದಗಳಲ್ಲಿಯೇ ಉತ್ತರ ಅಡಗಿರುತ್ತದೆ. ‘ಎರಡು ಭಾಷೆಯ ಲಾಭಗಳು’ ಎಂದು ಕೇಳಿದವನಿಗೆ ಲಾಭಗಳ ರಾಶಿ, ‘ಎರಡು ಭಾಷೆ, ಮಾತಿನ ವಿಳಂಬ’ ಎಂದು ಕೇಳಿದವನಿಗೆ ವಿಳಂಬದ ರಾಶಿ. ಇಬ್ಬರೂ ಒಂದೇ ಸೂಚಿಯಲ್ಲಿ, ಒಂದೇ ಸಂಜೆ ಹುಡುಕಿ, ಪೂರ್ತಿ ವಿರುದ್ಧ ನಂಬಿಕೆಗಳೊಡನೆ ಎದ್ದು ಹೋಗಬಹುದು. ಇಬ್ಬರ ಬಳಿಯೂ ವಿದ್ವತ್ ಲೇಖನಗಳಿವೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರು ಕಣ್ಣನ್ನೂ ಅನುಮಾನಿಸಿದ್ದರು. ಈಗ ಕಣ್ಣಿಗಿಂತ ಮೊದಲು ಬೆರಳನ್ನು ಅನುಮಾನಿಸಬೇಕಾಗಿದೆ. ಆದ್ದರಿಂದ ಪ್ರಾಮಾಣಿಕವಾಗಿ ಹುಡುಕುವುದೆಂದರೆ ತನ್ನ ಪಕ್ಷದ ಸಾಕ್ಷಿಗಳನ್ನು ಮಾತ್ರ ಕರೆಯದೆ ಎದುರು ಪಕ್ಷದವರನ್ನೂ ತಾನೇ ಹೋಗಿ ಕರೆತರುವುದು. ಇದಕ್ಕೆ ಸೂಚಿಗಳಲ್ಲಿ ಸಾಧನಗಳಿವೆ. ಒಂದೊಂದು ಲೇಖನದ ಕೆಳಗೂ ಅದನ್ನು ಮುಂದೆ ಉಲ್ಲೇಖಿಸಿದವರ ಪಟ್ಟಿ ಇರುತ್ತದೆ. ಜಗಳ ಅಲ್ಲೇ ಸಿಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗುವ ಸಮೀಕ್ಷಾ ಲೇಖನಗಳನ್ನು ಬೇರೆಯಾಗಿ ಆರಿಸಿ ತೆಗೆಯಬಹುದು. ಪ್ರಕಟಿಸಿದವರೇ ಹಿಂದೆಗೆದುಕೊಂಡ ಲೇಖನಗಳ ಮೇಲೆ ಆ ಗುರುತು ಇರುತ್ತದೆ. ಇದಕ್ಕೆಲ್ಲ ಬೇಕಾದದ್ದು ಹೆಚ್ಚಿನ ಜಾಣತನವಲ್ಲ, ತನಗೆ ಇಷ್ಟವಿಲ್ಲದ್ದನ್ನು ಓದುವ ಒಂದು ಗಂಟೆಯ ತಾಳ್ಮೆ. ಇತ್ತೀಚೆಗೆ ಈ ಗಂಟೆಯನ್ನೂ ಉಳಿಸಿಕೊಡುತ್ತೇವೆಂದು ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಿವೆ. ಕೇಳಿದ ಕೂಡಲೇ ಅವು ಲೇಖಕರ ಹೆಸರು, ವರ್ಷ, ಪತ್ರಿಕೆ ಎಲ್ಲವನ್ನೂ ಕೊಡುತ್ತವೆ. ಕೆಲವೊಮ್ಮೆ ಅಂಥ ಲೇಖನವೇ ಲೋಕದಲ್ಲಿ ಇರುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಹೀಗೆ ಹುಟ್ಟಿಕೊಂಡ ತೀರ್ಪುಗಳನ್ನು ನ್ಯಾಯಾಲಯದ ಮುಂದಿಟ್ಟು ದಂಡ ತೆತ್ತರು. ಮೂಲ ಲೇಖನ ತೆರೆದು ನೋಡುವ ಕೆಲಸವನ್ನು ಇನ್ನೊಬ್ಬರಿಗೆ ವಹಿಸಲು ಬರುವುದಿಲ್ಲ.

ಆದರೆ ಎಷ್ಟು ಪ್ರಾಮಾಣಿಕವಾಗಿ ಹುಡುಕಿದರೂ ಸಿಗದ್ದೊಂದಿದೆ: ನಮ್ಮ ಮಕ್ಕಳು. ಅಮೆರಿಕದ ಪ್ರಮುಖ ಮನಃಶಾಸ್ತ್ರ ಪತ್ರಿಕೆಗಳನ್ನು ಪರಿಶೀಲಿಸಿದ ಜೆಫ್ರಿ ಆರ್ನೆಟ್ 2008ರಲ್ಲಿ ತೋರಿಸಿಕೊಟ್ಟಂತೆ, ಅಧ್ಯಯನಕ್ಕೊಳಗಾದವರಲ್ಲಿ ಶೇ. 96ರಷ್ಟು ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ಆ ದೇಶಗಳಲ್ಲಿರುವುದು ಲೋಕದ ಜನಸಂಖ್ಯೆಯ ಶೇ. 12. ಲೇಖನದ ಶೀರ್ಷಿಕೆಯಲ್ಲಿ ‘ಮಕ್ಕಳು’ ಎಂದಿರುತ್ತದೆ. ಒಳಗೆ ನೋಡಿದರೆ ಅವರು ಒಂದೇ ಊರಿನ, ಒಂದೇ ವರ್ಗದ ಮಕ್ಕಳು. ಶ್ರೀನಿವಾಸಪುರದ ಮಕ್ಕಳ ಮೇಲೆ ಅಧ್ಯಯನ ಮಾಡಿದವರಾದರೆ ಊರಿನ, ರಾಜ್ಯದ, ದೇಶದ ಹೆಸರು ಶೀರ್ಷಿಕೆಯಲ್ಲೇ ಬರೆಯಬೇಕಾಗುತ್ತದೆ. ನಮ್ಮ ಮಕ್ಕಳು ನಮ್ಮ ಮಕ್ಕಳಷ್ಟೇ; ಅವರ ಮಕ್ಕಳು ಲೋಕದ ಮಕ್ಕಳು.

ಈ ನಾಲ್ಕು ತಾಲೂಕುಗಳಿಗೆ ಸೇರಿದ ಇನ್ನೊಂದು ಪ್ರಶ್ನೆಯನ್ನು ಪಕ್ಕಕ್ಕಿಟ್ಟು ನೋಡಿದರೆ ಸಾಕ್ಷ್ಯದ ತೂಕ ಎಲ್ಲ ಕಡೆ ಒಂದೇ ಅಲ್ಲ ಎಂಬುದು ತಿಳಿಯುತ್ತದೆ. ಕೊಳವೆಬಾವಿಗಳು ಸಾವಿರ ಅಡಿ ದಾಟಿದ ನಮ್ಮ ಜಿಲ್ಲೆಯಲ್ಲಿ ಫ್ಲೋರೈಡ್ ಹೊಸ ಸುದ್ದಿಯಲ್ಲ. ಮಕ್ಕಳ ಹಲ್ಲಿನ ಕಂದು ಕಲೆ ಅದರ ಗುರುತು. ಅದು ಹಲ್ಲನ್ನಷ್ಟೇ ಅಲ್ಲ, ಬುದ್ಧಿಯನ್ನೂ ಮುಟ್ಟುತ್ತದೆಯೇ? 2012ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡವೊಂದು 27 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು, ಹೆಚ್ಚಿನವು ಚೀನಾದವು. ಫ್ಲೋರೈಡ್ ಹೆಚ್ಚಿರುವ ಕಡೆಯ ಮಕ್ಕಳ ಅಂಕಗಳು ಕಡಿಮೆ ಇದ್ದವು. 2024ರ ಆಗಸ್ಟ್‌ನಲ್ಲಿ ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ ತನ್ನ ವರದಿಯಲ್ಲಿ, ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ನೀರಿಗೂ ಮಕ್ಕಳ ಬುದ್ಧಿಸೂಚ್ಯಂಕ ಕಡಿಮೆಯಾಗುವುದಕ್ಕೂ ಸಂಬಂಧವಿದೆಯೆಂದು ಮಧ್ಯಮ ಮಟ್ಟದ ವಿಶ್ವಾಸದಿಂದ ಹೇಳಬಹುದು ಎಂದಿತು. ಅದಕ್ಕಿಂತ ಕಡಿಮೆಯಾದರೆ ಹೇಳಲು ಸಾಕಷ್ಟು ಪುರಾವೆ ಇಲ್ಲ ಎಂದೂ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹಾಕಿರುವ ಮಿತಿಯೂ ಅದೇ 1.5. ಇಲ್ಲಿ ಪುರಾವೆ ಪೂರ್ತಿಯಾಗಲಿ ಎಂದು ಕಾಯುವುದು ಅನ್ಯಾಯ, ಏಕೆಂದರೆ ಶುದ್ಧ ನೀರು ಕೊಟ್ಟರೆ ಯಾರಿಗೂ ಏನೂ ನಷ್ಟವಿಲ್ಲ. ಮನೆಮಾತು ಬಿಡಿಸುವುದು ಹಾಗಲ್ಲ. ಪುರಾವೆ ದುರ್ಬಲವಾಗಿದ್ದು, ಕಳೆದುಕೊಳ್ಳುವುದು ಬಹಳವಿದ್ದರೆ ಸಲಹೆ ಕೊಡುವ ನಾಲಿಗೆ ತಡೆಯಬೇಕು. ವಿಪರ್ಯಾಸ ನೋಡಿ, ನಮ್ಮಲ್ಲಿ ನಡೆಯುವುದು ತಿರುಗುಮುರುಗು: ನೀರಿನ ವಿಷಯಕ್ಕೆ ಇನ್ನೂ ಅಧ್ಯಯನ ಬೇಕು, ತಾಯಿಯ ಭಾಷೆಯ ವಿಷಯಕ್ಕೆ ಸಂಶೋಧನೆ ಆಗಲೇ ಹೇಳಿಬಿಟ್ಟಿದೆ.

ಇನ್ನು ಗೋಡೆಯ ಮಾತು. ಸಾರಾಂಶ ಉಚಿತವಾಗಿ ಸಿಕ್ಕಿದರೂ ಪೂರ್ತಿ ಲೇಖನಕ್ಕೆ ಡಾಲರುಗಳಲ್ಲಿ ಬೆಲೆ ಕೇಳುವ ಪತ್ರಿಕೆಗಳೇ ಹೆಚ್ಚು. ಸೇರ್ ಅವರ ಲೇಖನದಲ್ಲಿ ಪಟ್ಟಣದ ಮಕ್ಕಳ ಸಂಗತಿ ಹೇಗೆ ಅಡಗಿತ್ತೋ ಹಾಗೆ ಮುಖ್ಯವಾದದ್ದು ಎಷ್ಟೋ ಸಲ ಇರುವುದು ಒಳಗೆ. ಸಾರಾಂಶ ಓದಿ ಮಾತಾಡುವುದು ಅಗುಳು ಹಿಚುಕಿ ಅನ್ನದ ಹದ ನೋಡಿದಂತಲ್ಲ, ಹೋಟೆಲಿನ ಬೋರ್ಡು ಓದಿ ಊಟದ ರುಚಿ ಹೇಳಿದಂತೆ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು, 6,300ಕ್ಕೂ ಹೆಚ್ಚು ಸರಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವನ್ನು ಮೂರಾಗಿ ಹಂಚಿದಾಗ ಹುಟ್ಟಿ ಕೋಲಾರವನ್ನು ಕೇಂದ್ರವಾಗಿಸಿಕೊಂಡ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದಂಥವು, ತಾಲೂಕುಗಳ ಸರಕಾರಿ ಪದವಿ ಕಾಲೇಜುಗಳಂಥವು ಇರುವುದು ಈ ವರ್ಗದಲ್ಲೇ. ಇದು ಸಣ್ಣ ಸಂಗತಿಯಲ್ಲ, ಮೆಚ್ಚಬೇಕು. ಆದರೆ ಪ್ರಾಥಮಿಕ ಶಾಲೆಯ ಶಿಕ್ಷಕಿ, ಅಂಗನವಾಡಿ ಕಾರ್ಯಕರ್ತೆ, ಖಾಸಗಿ ಕಾಲೇಜಿನ ವಿದ್ಯಾರ್ಥಿ, ಆ ತಾಯಿ ಇವರೆಲ್ಲ ಇರುವುದು ಗೋಡೆಯ ಹೊರಗೆ. ಸಲಹೆ ಕೊಡುವವರೂ ಪಡೆಯುವವರೂ ಹೊರಗೇ ಇದ್ದರೆ ಒಳಗಿನ 13,000 ಪತ್ರಿಕೆಗಳಿಂದ ಈ ಪ್ರಶ್ನೆಗೇನು ಪ್ರಯೋಜನ?

ಗೋಡೆ ಹಾರುವವರೂ ಇದ್ದಾರೆ. ಕಜಕಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ 2011ರಲ್ಲಿ ಆರಂಭಿಸಿದ ‘ಸೈ-ಹಬ್’ ಕೋಟಿಗಟ್ಟಲೆ ಲೇಖನಗಳನ್ನು ಬಿಟ್ಟಿಯಾಗಿ ಕೊಟ್ಟಿತು. ಮೂರು ದೊಡ್ಡ ಪ್ರಕಾಶಕರು 2020ರ ಡಿಸೆಂಬರ್‌ನಲ್ಲಿ ದಿಲ್ಲಿ ಹೈಕೋರ್ಟಿಗೆ ಹೋದರು. 2025ರ ಆಗಸ್ಟ್‌ನಲ್ಲಿ ಅದನ್ನು ಭಾರತದಲ್ಲಿ ತಡೆಹಿಡಿಯಲು ನ್ಯಾಯಾಲಯ ಆದೇಶಿಸಿತು. ಅದು ಕಳ್ಳತನವೇ? ಕಾನೂನಿನ ಮಾತು ಸ್ಪಷ್ಟ, ಅದನ್ನು ಮೀರಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಆದರೆ ಸಾರ್ವಜನಿಕರ ಹಣದಲ್ಲಿ ಮಾಡಿದ ಸಂಶೋಧನೆಯನ್ನು, ಸಂಭಾವನೆಯಿಲ್ಲದೆ ಬರೆದು, ಸಂಭಾವನೆಯಿಲ್ಲದೆ ಪರಿಶೀಲಿಸಿದ ಲೇಖನವನ್ನು ಮತ್ತೆ ಅದೇ ಸಾರ್ವಜನಿಕರಿಗೆ ಮಾರುವುದು ಯಾವ ನ್ಯಾಯ ಎಂಬ ಪ್ರಶ್ನೆಗೆ ಆ ಆದೇಶದಲ್ಲಿ ಉತ್ತರವಿರಬೇಕಾಗಿಲ್ಲ, ಉತ್ತರಿಸಬೇಕಾದವರು ನಾವೆಲ್ಲ. ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು 1931ರಲ್ಲಿ ಕೊಟ್ಟ ಎಸ್.ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಪುಸ್ತಕ ಇರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು ಅವರ ಆಶಯ. ನಮ್ಮ ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಕಟ್ಟುತ್ತಲೂ ಬಂದಿದ್ದೇವೆ. ಜಿಲ್ಲಾ ಕೇಂದ್ರ ಗ್ರಂಥಾಲಯದ ಒಂದು ಗಣಕದಲ್ಲಿ ಆ ರಾಷ್ಟ್ರೀಯ ಚಂದಾ ತೆರೆದುಕೊಂಡರೆ, ಹುಡುಕಲು ನೆರವಾಗುವ ಒಬ್ಬ ಗ್ರಂಥಪಾಲಕರು ಪಕ್ಕದಲ್ಲಿದ್ದರೆ, ಕರ ಕಟ್ಟಿದವರಿಗೆ ಸಿಕ್ಕಿದ್ದು ದಾನವೆನಿಸುವುದಿಲ್ಲ. ಅಲ್ಲಿಯವರೆಗೆ ಕಾನೂನಿನ ಒಳಗೇ ಇರುವ ಒಂದು ದಾರಿ ಹೆಚ್ಚಿನವರಿಗೆ ಗೊತ್ತಿಲ್ಲ: ಸಾಮಾನ್ಯವಾಗಿ ಲೇಖನದ ಮೊದಲ ಪುಟದಲ್ಲೇ ಲೇಖಕರ ಇಮೇಲ್ ವಿಳಾಸವಿರುತ್ತದೆ. ಎರಡು ಸಾಲು ಬರೆದು ಕೇಳಿದರೆ ಎಷ್ಟೋ ಮಂದಿ ತಮ್ಮ ಲೇಖನವನ್ನು ಸಂತೋಷದಿಂದ ಕಳುಹಿಸುತ್ತಾರೆ.

ಮತ್ತೆ ಆ ಪೋಷಕರ ಸಭೆ. ಈ ಎಲ್ಲವನ್ನೂ ಓದಿದ ಶಿಕ್ಷಕಿ ತಾಯಿಗೆ ಏನು ಹೇಳಬಹುದು? "ಎರಡು ಭಾಷೆಯಿಂದ ಮಗುವಿನ ಬುದ್ಧಿ ಕೆಡುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇಲ್ಲಮ್ಮ. ಲಾಭವಿದೆ ಎನ್ನುವವರ ನಡುವೆಯೂ ಜಗಳ ಮುಗಿದಿಲ್ಲ. ನೀವು ಮನೆಯಲ್ಲಿ ನಿಮ್ಮ ಮಾತೇ ಆಡಿ, ಕತೆ ಹೇಳಿ. ಕನ್ನಡ ಕಲಿಸುವ ಕೆಲಸ ನನ್ನದು." ಈ ಕೊನೆಯ ವಾಕ್ಯವನ್ನು ಹೇಳುವುದೇ ಕಷ್ಟ. "ಸಂಶೋಧನೆ ಹೇಳುತ್ತದೆ" ಎಂದರೆ ಭಾರ ತಾಯಿಯ ಹೆಗಲಿಗೆ. ಹೀಗೆ ಹೇಳಿದರೆ ಶಾಲೆಯ ಹೆಗಲಿಗೆ. ಮಗುವಿನ ಹಿನ್ನಡೆಗೆ ಬೇರೆ ಕಾರಣವೂ ಇರಬಹುದು: ಕಿವಿ, ಕಣ್ಣು, ಹಸಿವು, ತರಗತಿಯ ಗದ್ದಲ. ಭಾಷೆಯ ಮೇಲೆ ತಪ್ಪು ಹೊರಿಸಿದ ದಿನದಿಂದ ಆ ಕಾರಣಗಳನ್ನು ಯಾರೂ ಹುಡುಕುವುದಿಲ್ಲ.

ನಮ್ಮ ಮಕ್ಕಳ ಬಗ್ಗೆ ನೇರವಾಗಿ ಕೇಳುವ ಅಧ್ಯಯನಕ್ಕೆ ಬೇಕಾದ ಸಂದರ್ಭ ಮೊಹಾಂತಿಯವರಿಗೆ ಒಡಿಶಾದಲ್ಲಿ ಸಿಕ್ಕಂತೆ ಇಲ್ಲಿಯೂ ಇದೆ. ಒಂದೇ ಊರು, ಒಂದೇ ಸರಕಾರಿ ಶಾಲೆ, ಒಂದೇ ಕೂಲಿ. ಒಂದು ಮನೆಯಲ್ಲಿ ದಖ್ಖನಿ ಉಳಿದಿದೆ, ಪಕ್ಕದ ಮನೆಯಲ್ಲಿ ಬಿಟ್ಟುಹೋಗಿದೆ. ಇಲ್ಲಿನ ಕಾಲೇಜುಗಳಲ್ಲಿ ಮನಃಶಾಸ್ತ್ರ ಓದುವ ಹುಡುಗ ಹುಡುಗಿಯರಲ್ಲಿ ನಾಲ್ಕು ಭಾಷೆ ಬಲ್ಲವರೂ ಇದ್ದಾರೆ; ಅನುವಾದಕರ ಖರ್ಚೂ ಇಲ್ಲ. ಮಗುವನ್ನು ಅದರ ಎಲ್ಲ ಭಾಷೆಗಳಲ್ಲೂ ಪರೀಕ್ಷಿಸಬಹುದು. ವ್ಯತ್ಯಾಸವೇನೂ ಕಾಣದಿದ್ದರೆ ಅದನ್ನೂ ಬರೆದು ಶೋಧಗಂಗಾದಲ್ಲಿ ಇಡಬಹುದು, ಮೇಜಿನ ಖಾನೆಯಲ್ಲಲ್ಲ. ಒಂದು ಪ್ರತಿ ಆ ಶಾಲೆಗೆ, ಕನ್ನಡದಲ್ಲಿ. ಪೋಷಕರ ಸಭೆಯಲ್ಲಿ ಅದನ್ನು ಓದಿ ಹೇಳುವಾಗ ದಖ್ಖನಿಯಲ್ಲಿ, ತೆಲುಗಿನಲ್ಲಿ.